ರ‍್ಯಾಕೆಟ್ ಹಿಡಿದ ಮಕ್ಕಳ ನಿದ್ರೆ

ಕ್ರಿಕೆಟ್ಟೇ ಸರ್ವಸ್ವವೆಂದು ನಂಬಿದ್ದ ಮುಂಬಯಿಯ ಕನ್ನಡ ಮನೆಗಳಲ್ಲಿಯೂ ಈಗ ಟೆನಿಸ್ ರ‍್ಯಾಕೆಟ್ ಕಾಣಿಸಿಕೊಳ್ಳತೊಡಗಿದೆ. ಸಂತೋಷದ ಸಂಗತಿಯೇ ಸರಿ. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದು, 43ನೆಯ ವಯಸ್ಸಿನಲ್ಲಿ ಡಬಲ್ಸಿನ ಜಾಗತಿಕ ಪ್ರಥಮ ಸ್ಥಾನಕ್ಕೇರಿದಾಗ ನಮ್ಮ ತಂದೆತಾಯಂದಿರ ಕಣ್ಣಿನಲ್ಲಿ ಆಸೆಯೊಂದು ಮೂಡಿದ್ದು ಸಹಜ. ಆದರೆ ಆ ಆಸೆಯನ್ನು ಹೊತ್ತು ಓಡುವ ಮಗುವಿನ ದಿನಚರಿಯನ್ನು ನಾವು ಗಡಿಯಾರ ಹಿಡಿದು ಲೆಕ್ಕಹಾಕಿದ್ದೇವೆಯೆ?

ಡೊಂಬಿವಲಿಯಲ್ಲಿ ವಾಸಿಸುವ ಹದಿಮೂರರ ಬಾಲಕನೊಬ್ಬನನ್ನು ಊಹಿಸಿಕೊಳ್ಳಿ. ಒಳ್ಳೆಯ ಟೆನಿಸ್ ಅಂಗಣ, ಹೆಸರುಳ್ಳ ತರಬೇತುದಾರರು, ಎಲ್ಲವೂ ನಗರದ ದಕ್ಷಿಣ ತುದಿಯಲ್ಲಿ, ಕೂಪರೇಜಿನ ಆಸುಪಾಸಿನಲ್ಲಿ ಎಂಬುದು ಮನೆಯವರ ನಂಬಿಕೆ. ಬೆಳಗಿನ ನಾಲ್ಕಕ್ಕೆ ಅವನನ್ನು ಎಬ್ಬಿಸಬೇಕು. ಲೋಕಲ್ ಗಾಡಿಯಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ. ಆರೂಕಾಲರಿಂದ ಎಂಟರವರೆಗೆ ಆಟ. ಮತ್ತೆ ಜನಜಂಗುಳಿಯಲ್ಲಿ ಹಿಂದಿರುಗುವಿಕೆ. ಮಧ್ಯಾಹ್ನದ ಪಾಳಿಯ ಶಾಲೆ, ಸಂಜೆ ಟ್ಯೂಷನ್ನು, ಅದರ ಮೇಲೆ ವ್ಯಾಯಾಮ, ಮನೆಪಾಠ. ದೀಪ ಆರುವಾಗ ಹನ್ನೊಂದು. ಉಳಿದದ್ದು ಐದು ಗಂಟೆಯ ನಿದ್ರೆ. ಭಾನುವಾರವಾದರೂ ಬಿಡುವುಂಟೇ ಎಂದರೆ, ಅಂದೇ ಪಂದ್ಯಾವಳಿ!

ಇದನ್ನು ನಾವು ಸಾಧನೆಯೆಂದು ಮೆಚ್ಚಿಕೊಳ್ಳುತ್ತೇವೆ. ಕಾರಣವೂ ನಮ್ಮ ಇತಿಹಾಸದಲ್ಲಿಯೇ ಇದೆ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ನಿದ್ದೆಗೆಟ್ಟು ಮೇಲೆ ಬಂದ ಹಿರಿಯರ ಪೀಳಿಗೆ ನಮ್ಮದು. ಆ ಹಿರಿಯರಿಗೆ ತಲೆಬಾಗಲೇಬೇಕು. ಆದರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಇದ್ದಿದ್ದರೆ ಅವರೂ ಮಲಗುತ್ತಿದ್ದರು. ಅವರ ಅನಿವಾರ್ಯವನ್ನು ಮೊಮ್ಮಕ್ಕಳಿಗೆ ತರಬೇತಿಯ ಕ್ರಮವನ್ನಾಗಿ ವಿಧಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ.

ಬೆಳೆಯುವ ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಪದರವೊಂದಿರುತ್ತದೆ. ಅದು ಗಟ್ಟಿಯಾದ ಮೂಳೆಗಿಂತ ದುರ್ಬಲ. ಒಂದೇ ತೋಳಿನಿಂದ ನೂರಾರು ಬಾರಿ ಸರ್ವ್ ಮಾಡುವಾಗ, ಗಟ್ಟಿ ನೆಲದ ಮೇಲೆ ಓಡಿ ಥಟ್ಟನೆ ನಿಲ್ಲುವಾಗ ಪೆಟ್ಟು ತಗಲುವುದು ಅಲ್ಲಿಗೇ. ಮೊಣಕಾಲ ಚಿಪ್ಪಿನ ಕೆಳಗಿನ ನೋವು, ಹಿಮ್ಮಡಿಯ ನೋವು, ಭುಜದ ನೋವು – ಇವನ್ನು ‘ಬೆಳೆಯುವ ನೋವು’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವುದು ವಾಡಿಕೆ. ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಲೇಬೇಕು. ದಿನದ ಸವೆತವನ್ನು ದೇಹವು ಬಹುಮಟ್ಟಿಗೆ ದುರಸ್ತಿ ಮಾಡಿಕೊಳ್ಳುವುದು ಗಾಢನಿದ್ರೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಆಗಲೇ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯವೆಂಬುದು ತಜ್ಞರ ಮತ. ಅಮೆರಿಕದಲ್ಲಿ 112 ವಿದ್ಯಾರ್ಥಿ ಕ್ರೀಡಾಪಟುಗಳನ್ನು ಕುರಿತು ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 8 ಗಂಟೆಗಿಂತ ಕಡಿಮೆ ನಿದ್ರಿಸುವವರಿಗೆ ಗಾಯಗಳಾಗುವ ಸಂಭವ ಸುಮಾರು 1.7 ಪಟ್ಟು ಹೆಚ್ಚೆಂದು ಕಂಡುಬಂದಿತು.

ಮುಂಬಯಿಯ ಹವೆಯೂ ಸಾಮಾನ್ಯವಲ್ಲ. ಕಡಲ ತೇವದಿಂದಾಗಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ದುಬಾರಿ ಡಬ್ಬದ ಪುಡಿಗಳಿಗಿಂತ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ರಾಗಿ ಗಂಜಿ ಎಷ್ಟೋ ಮೇಲು.

ಇನ್ನು ಬೋಪಣ್ಣನವರ ಉದಾಹರಣೆಯನ್ನೇ ಪೂರ್ಣವಾಗಿ ನೋಡೋಣ. ಅವರು ಟೆನಿಸ್ ಆರಂಭಿಸಿದ್ದು 11ನೆಯ ವಯಸ್ಸಿನಲ್ಲಿ. ಹಾಕಿ, ಫುಟ್‌ಬಾಲುಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಟೆನಿಸ್ಸೇ ಮುಖ್ಯ ಗುರಿಯಾದದ್ದು ಹತ್ತೊಂಬತ್ತರ ಹೊತ್ತಿಗೆ. ಆರು ವರ್ಷದ ಕೂಸಿಗೆ ದಿನವಿಡೀ ಒಂದೇ ಆಟವನ್ನು ಕಟ್ಟುವವರು ಇದನ್ನು ಗಮನಿಸಬೇಕು. ಮುಂದೆ ಮೊಣಕಾಲುಗಳ ಮೃದ್ವಸ್ಥಿ ಸವೆದು, ನೋವುಗುಳಿಗೆ ನುಂಗಿ ಆಡುವ ಸ್ಥಿತಿ ಬಂದಾಗ ಅವರಿಗೆ ಆಸರೆಯಾದದ್ದು ಅಯ್ಯಂಗಾರ್ ಪದ್ಧತಿಯ ಯೋಗ. ಈ ಪದ್ಧತಿಯನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಬಹು ರೋಗಿಷ್ಠರು. 1937ರಲ್ಲಿ ಪುಣೆಗೆ ಬಂದು ಅಲ್ಲಿಯೇ ನೆಲೆಸಿದರು. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅವರನ್ನು 1952ರಲ್ಲಿ ಕಂಡದ್ದು ನಮ್ಮ ಮುಂಬಯಿಯಲ್ಲಿಯೇ. ಬಲಕ್ಕಿಂತ ನಿಲುವಿಗೆ, ಆತುರಕ್ಕಿಂತ ಕ್ರಮಕ್ಕೆ ಪ್ರಾಧಾನ್ಯ ಕೊಡುವ ವಿದ್ಯೆಯದು. ಬೋಪಣ್ಣ ವೃತ್ತಿ ಟೆನಿಸ್ಸಿಗೆ ವಿದಾಯ ಹೇಳಿದ್ದು 2025ರ ನವೆಂಬರಿನಲ್ಲಿ, 45ನೆಯ ವಯಸ್ಸಿನಲ್ಲಿ!

ಆದ್ದರಿಂದ ಮನೆಯಿಂದ ಹದಿನೈದು ನಿಮಿಷದ ದೂರದಲ್ಲಿ ಸಾಧಾರಣ ತರಬೇತುದಾರನಿದ್ದರೆ ಸಾಕು, ಹದಿನಾಲ್ಕರವರೆಗೆ ಅವನಲ್ಲಿಯೇ ಕಲಿಯಲಿ ಎಂಬುದು ನನ್ನ ವಾದ. ಗಾಡಿಯಲ್ಲಿ ಕಳೆಯುವ ಎರಡೂವರೆ ಗಂಟೆಯನ್ನು ಹಾಸಿಗೆಗೆ ಹಿಂದಿರುಗಿಸಿ. ಕ್ರೀಡಾವೈದ್ಯರು ಸಾಮಾನ್ಯವಾಗಿ ಹೇಳುವ ಒಂದು ಅಳತೆಯುಂಟು: ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು. ಹದಿಮೂರರವನಿಗೆ ಹದಿಮೂರು ಗಂಟೆ. ವಾರದಲ್ಲಿ ಒಂದು ದಿನವಾದರೂ ರ‍್ಯಾಕೆಟ್ ಮುಟ್ಟದಿರಲಿ. ಹಾಗೆ ಮಾಡಿದರೆ ಹಿಂದೆ ಬೀಳುತ್ತಾನೆಂದು ಹೆದರುವ ತಂದೆಯರುಂಟು. ಹದಿನಾರಕ್ಕೇ ಭುಜ ಕೆಟ್ಟು ಕುಳಿತವನು ಎಷ್ಟು ಮುಂದಿದ್ದಾನೆಂದು ಅವರೇ ಹೇಳಬೇಕು.

ನಮ್ಮ ಸಂಘಸಂಸ್ಥೆಗಳಿಗೂ ಒಂದು ಮಾತು. ಪ್ರತಿಭಾ ಪುರಸ್ಕಾರದಲ್ಲಿ ಆಟಗಾರ ಮಕ್ಕಳಿಗೆ ಶಾಲು, ಫಲಕ ಕೊಡುತ್ತೇವೆ. ಮುಂಬಯಿಯ ಸೆಖೆಯಲ್ಲಿ ಆ ಶಾಲನ್ನು ಹೊದೆಯುವವರನ್ನು ನಾನಂತೂ ಕಂಡಿಲ್ಲ. ಅದೇ ಹಣದಲ್ಲಿ ವರ್ಷಕ್ಕೊಮ್ಮೆ ಆ ಮಕ್ಕಳನ್ನು ಮೂಳೆವೈದ್ಯರಿಂದ ತಪಾಸಣೆ ಮಾಡಿಸಬಹುದು. ನಮ್ಮವರಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ.