ಹುಟ್ಟುಗುಣ ಸುಟ್ಟರೂ ಹೋಗದೇ? ಜೀವಕೋಶ ಬೇರೆಯೇ ಹೇಳುತ್ತಿದೆ!



"ಅವರ ರಕ್ತದಲ್ಲೇ ಗಣಿತ ಇದೆ ಕಣಪ್ಪಾ, ನಮ್ಮಂಥವರಿಗೆ ಎಲ್ಲಿಂದ ಬರಬೇಕು?" ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಮನೆಯಲ್ಲಿ ಅಜ್ಜ ಹೇಳಿದರೆ ನಕ್ಕು ಸುಮ್ಮನಾಗಬಹುದು. ಆದರೆ ಈಗ ಇದೇ ಮಾತನ್ನು ಟೈ ಕಟ್ಟಿಕೊಂಡವರು, ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡವರು, ವಿಜ್ಞಾನ ಎಂಬ ಬೋರ್ಡು ತಗುಲಿಸಿಕೊಂಡು ಮಾರುತ್ತಿದ್ದಾರೆ. ಮಗುವಿನ ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ಇವನು ಎಂಜಿನಿಯರ್ ಆಗುತ್ತಾನೆ, ಇವಳಿಗೆ ಸಂಗೀತ ಒಲಿಯುತ್ತದೆ, ಇವನಿಗೆ ಲೆಕ್ಕದ ತಂಟೆ ಬೇಡ ಎಂದು ಬಣ್ಣಬಣ್ಣದ ರಿಪೋರ್ಟು ಕೊಡುತ್ತಾರೆ. ಡಿಎಂಐಟಿ ಎಂದು ಈ ದಂಧೆಗೆ ಹೆಸರು. ಇದಕ್ಕೆ ವಿಜ್ಞಾನದ ಆಧಾರ ಎಳ್ಳಷ್ಟೂ ಇಲ್ಲ. ನಮ್ಮ ಗಿಳಿಶಾಸ್ತ್ರದವನೇ ವಾಸಿ, ಅಲ್ಲಿ ಗಿಳಿಗಾದರೂ ನಾಲ್ಕು ಕಾಳು ಸಿಗುತ್ತಿತ್ತು.

ಪಿಯುಸಿಯಲ್ಲಿ ನಮಗೊಬ್ಬ ಮೇಷ್ಟ್ರಿದ್ದರು. ಹಳ್ಳಿಯ ಕನ್ನಡ ಶಾಲೆಗಳಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತ ನಮ್ಮತ್ತ ಸೀಮೆಸುಣ್ಣ ತೋರಿಸಿ, "ನಿಮ್ಮ ತಲೆಗೆ ಫಿಸಿಕ್ಸ್ ಹತ್ತಲ್ಲ ಕಣ್ರೋ, ಹುಟ್ಟುಗುಣ ಅದು" ಎಂದಿದ್ದರು. ನಾವು ನಂಬಿಬಿಟ್ಟೆವು! ನಮ್ಮ ಬೆಂಚಿನ ಇಬ್ಬರು ಆ ವರ್ಷವೇ ಕಾಲೇಜು ಬಿಟ್ಟರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಆದರೆ 'ಹುಟ್ಟುಗುಣ' ಎಂಬ ಆ ಮಾತಿನ ಬೆನ್ನು ಮಾತ್ರ ನಾನು ಬಿಟ್ಟಿಲ್ಲ. ಹುಟ್ಟಿನ ಬಗ್ಗೆ ವಿಜ್ಞಾನಿಗಳು ನಿಜಕ್ಕೂ ಏನು ಹೇಳುತ್ತಾರೆ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಎರಡು ಕತೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದು ಜೀವಕೋಶದ್ದು, ಇನ್ನೊಂದು ಪೆನ್ಸಿಲ್ ಕಡ್ಡಿಯದು.

ಮೊದಲನೆಯದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದದ್ದು. ಅಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೆನಿಸ್ ಡಿಶರ್, ಆಡಮ್ ಎಂಗ್ಲರ್ ಮತ್ತು ಸಂಗಡಿಗರು ಮನುಷ್ಯನ ಮೂಳೆಯೊಳಗಿನ ಮಜ್ಜೆಯಿಂದ ಆಕರಕೋಶಗಳನ್ನು ತೆಗೆದುಕೊಂಡರು. ಸ್ಟೆಮ್ ಸೆಲ್ ಎನ್ನುತ್ತಾರಲ್ಲ, ಅದೇ. ಇನ್ನೂ ಏನೂ ಆಗದ, ಮುಂದೆ ಏನೇನೋ ಆಗಬಹುದಾದ ಕೋಶ ಅದು. ಇವುಗಳನ್ನು ಲೋಳೆಯಂಥ ಒಂದು ಜೆಲ್ಲಿನ ಹಾಸಿನ ಮೇಲೆ ಬೆಳೆಸಿದರು. ಜೆಲ್ಲಿನ ವಸ್ತು ಒಂದೇ, ಮೇಲೆ ಬಳಿದ ಕೊಲ್ಯಾಜೆನ್ ಒಂದೇ, ಕೊಟ್ಟ ಆಹಾರ ಒಂದೇ. ಬದಲಾಯಿಸಿದ್ದು ಹಾಸಿನ ಗಡಸುತನವನ್ನು ಮಾತ್ರ.

ಏನಾಯಿತು ನೋಡಿ. ಮಿದುಳಿನಷ್ಟು ಮೆತ್ತಗಿರುವ, ಅಂದರೆ 1 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಗಡಸಿನ ಹಾಸಿನ ಮೇಲೆ ಬಿದ್ದ ಕೋಶ, ನರಕೋಶದ ಹಾಗೆ ಕವಲು ಕವಲಾಗಿ ಚಾಚಿಕೊಂಡಿತು. 8ರಿಂದ 17 ಕಿಲೋಪ್ಯಾಸ್ಕಲ್, ಅಂದರೆ ಮಾಂಸಖಂಡದಷ್ಟು ಬಿಗಿ ಇದ್ದಲ್ಲಿ ಅದೇ ಕೋಶ ಕದಿರಿನ ಆಕಾರ ತಾಳಿ ಸ್ನಾಯುವಿನ ದಾರಿ ಹಿಡಿಯಿತು. 25ರಿಂದ 40ರ ಗಟ್ಟಿ ಹಾಸಿನಲ್ಲಿ ಮೂಳೆ ಕಟ್ಟುವ ಕೋಶದ ಲಕ್ಷಣ ತೋರಿಸಿತು. 2006ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ದುಡ್ಡಿನ ಲೆಕ್ಕಕ್ಕೆ ಹೇಳಿದರು. ಜೀವಕೋಶ ಅದನ್ನು ಅಕ್ಷರಶಃ ಪಾಲಿಸುತ್ತಿದೆ!

ಕಣ್ಣಿಲ್ಲದ, ಕಿವಿಯಿಲ್ಲದ ಕೋಶಕ್ಕೆ ಹಾಸು ಮೆತ್ತಗೋ ಗಟ್ಟಿಯೋ ಗೊತ್ತಾಗುವುದು ಹೇಗೆ? ಮಾವಿನಹಣ್ಣು ಕೊಳ್ಳುವಾಗ ನೀವು ಹೆಬ್ಬೆರಳಿನಿಂದ ಒತ್ತಿ ನೋಡುತ್ತೀರಲ್ಲ, ಹೆಚ್ಚುಕಡಿಮೆ ಹಾಗೇ. ಕೋಶ ಹಾಸನ್ನು ಹಿಡಿದು ಎಳೆಯುತ್ತದೆ. ಅದು ಎಷ್ಟು ಜಗ್ಗುತ್ತದೆ, ಎಷ್ಟು ಎದುರುಬೀಳುತ್ತದೆ ಎಂಬುದನ್ನು ತಿಳಿಯುತ್ತದೆ. ಎಳೆಯುವ ಕೆಲಸ ಮಾಡುವುದು ಮಯೋಸಿನ್ ಎಂಬ ಪ್ರೋಟೀನು. ನಿಮ್ಮ ತೋಳಿನ ಸ್ನಾಯುವಿನಲ್ಲಿ ಇರುವುದರ ದಾಯಾದಿ ಅದು. ಆ ಪ್ರೋಟೀನಿನ ಕೈ ಕಟ್ಟಿಹಾಕುವ ಔಷಧ ಹಾಕಿದಾಗ ಕೋಶಕ್ಕೆ ದಾರಿಯೇ ತೋಚಲಿಲ್ಲ. ಯಾವ ಹಾಸಿನ ಮೇಲಿಟ್ಟರೂ ಅದು ನರವೂ ಆಗಲಿಲ್ಲ, ಮೂಳೆಯೂ ಆಗಲಿಲ್ಲ.

ಇದನ್ನು ಎಲ್ಲರೂ ಕಣ್ಣುಮುಚ್ಚಿ ಒಪ್ಪಿಕೊಂಡರು ಎಂದುಕೊಳ್ಳಬೇಡಿ. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನವರು ತಕರಾರು ತೆಗೆದರು. ಕೋಶ ಗುರುತಿಸುವುದು ಜೆಲ್ಲಿನ ಗಡಸನ್ನಲ್ಲ, ಮೇಲೆ ಬಳಿದ ಕೊಲ್ಯಾಜೆನ್ ಎಷ್ಟು ಭದ್ರವಾಗಿ ಕಚ್ಚಿಕೊಂಡಿದೆ ಎಂಬುದನ್ನು ಎಂದರು. 2014ರಲ್ಲಿ ಎಂಗ್ಲರ್ ತಂಡ ಹೊಸ ಪ್ರಯೋಗ ಮಾಡಿ, ಕಚ್ಚಿಕೊಂಡಿರುವ ಬಗೆಯನ್ನು ಬದಲಾಯಿಸಿ ನೋಡಿದೆವು, ಕೋಶ ಗಡಸುತನದ ಮಾತನ್ನೇ ಕೇಳಿತು ಎಂದು ಉತ್ತರ ಕೊಟ್ಟಿತು. ನಮ್ಮ ವಿಧಾನಸೌಧದಲ್ಲಿ ಇಷ್ಟು ಮರ್ಯಾದೆಯಿಂದ ಜಗಳವಾಡುವುದನ್ನು ನಾನಂತೂ ನೋಡಿಲ್ಲ. ಇರಲಿ. ಇಬ್ಬರಲ್ಲಿ ಯಾರು ಗೆದ್ದರೂ ಒಂದು ಮಾತು ಮಾತ್ರ ನಿಂತಿತು. ಕೋಶದ ಹಣೆಬರಹದ ಒಂದು ಪಾಲು ಅದರೊಳಗಿಲ್ಲ, ಅದು ಮುಟ್ಟಿಕೊಂಡಿರುವ ನೆಲದಲ್ಲಿದೆ.

"ಒಳ್ಳೆಯ ಕೋಶಕ್ಕೆ ಸರಿ ಸ್ವಾಮಿ, ಕೆಟ್ಟು ಹೋದದ್ದಕ್ಕೆ?" ಎನ್ನುವವರಿಗೆ ಇನ್ನೊಂದು ಉದಾಹರಣೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೀನಾ ಬಿಸೆಲ್ ಎಂಬ ವಿಜ್ಞಾನಿ, ಈಕೆ ಇರಾನಿನ ಟೆಹರಾನಿನಲ್ಲಿ ಹುಟ್ಟಿದವರು, ತಮ್ಮ ತಂಡದೊಂದಿಗೆ ಸ್ತನ ಕ್ಯಾನ್ಸರಿನ ಕೋಶಗಳನ್ನು ಮೆತ್ತನೆಯ ಜೆಲ್ಲಿನಲ್ಲಿ ಬೆಳೆಸಿದರು. ಕೋಶ ತನ್ನ ಸುತ್ತಲನ್ನು ಹಿಡಿದುಕೊಳ್ಳುವ ಒಂದು ಕೊಂಡಿಯನ್ನು ಪ್ರತಿಕಾಯದಿಂದ ತಡೆದರು. ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಕೋಶಗಳು ಸಾಲಾಗಿ, ದುಂಡಗೆ, ಆರೋಗ್ಯವಂತ ಕೋಶಗಳಂತೆ ಜೋಡಿಸಿಕೊಂಡವು. ಕೆಟ್ಟ ವಂಶವಾಹಿಗಳು ಒಳಗೆ ಹಾಗೇ ಇದ್ದವು, ನಡತೆ ಮಾತ್ರ ಬದಲಾಯಿತು. ಇದು ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂಬ ಸುದ್ದಿಯಲ್ಲ. ತಡೆ ತೆಗೆದರೆ ಕೋಶ ಹಳೆಯ ಚಾಳಿಗೆ ಮರಳುತ್ತಿತ್ತು. ಆದರೂ ಸುಟ್ಟರೂ ಹೋಗದು ಎನ್ನುವ ಗುಣ, ಸುಡದೆಯೇ ಹೋಗಿತ್ತಲ್ಲ!

ಇದು ಜೀವ ಇರುವುದರ ಮಾತಾಯಿತು. ಜೀವವೇ ಇಲ್ಲದ ಇಂಗಾಲದ ಕತೆ ಏನು? ಎರಡನೆಯದಕ್ಕೆ ಬರೋಣ.

ಪೆನ್ಸಿಲ್ ಕಡ್ಡಿಯ ಕಪ್ಪು ಗ್ರಾಫೈಟ್ ಇದೆಯಲ್ಲ, ಅದು ಪದರ ಪದರವಾಗಿ ಕೂತ ಇಂಗಾಲ. ಚಿರೋಟಿಯ ಹಾಗೆ ಎನ್ನಿ. ಆದರೆ ಇಲ್ಲಿ ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಪದರ! ಒಂದೊಂದು ಪದರವೂ ಒಂದೇ ಪರಮಾಣುವಿನಷ್ಟು ದಪ್ಪ. ಆ ಒಂಟಿ ಪದರಕ್ಕೆ ಗ್ರಾಫೀನ್ ಎಂದು ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅದನ್ನು ಬಿಡಿಸಿದ್ದು ಯಾವ ಕೋಟಿ ಬೆಲೆಯ ಯಂತ್ರದಿಂದ ಗೊತ್ತೇ? ಅಂಗಡಿಯಲ್ಲಿ ಸಿಗುವ ಅಂಟುಟೇಪಿನಿಂದ. ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು. 2004ರಲ್ಲಿ ಅವರ ಲೇಖನ 'ಸೈನ್ಸ್' ಪತ್ರಿಕೆಯಲ್ಲಿ ಬಂತು, 2010ರಲ್ಲಿ ನೊಬೆಲ್ ಬಂತು. ಈ ಗೈಮ್‌ಗೆ ಹುಡುಗನಾಗಿದ್ದಾಗ ಮಾಸ್ಕೋದ ಒಂದು ಹೆಸರಾಂತ ಸಂಸ್ಥೆ ಎರಡು ಸಲ ಪ್ರವೇಶ ನಿರಾಕರಿಸಿತ್ತು. ತಾನು ಜರ್ಮನ್ ಮೂಲದ ಮನೆಯಲ್ಲಿ ಹುಟ್ಟಿದ್ದೇ ಕಾರಣ ಎಂದು ಅವರು ಹೇಳಿಕೊಂಡಿದ್ದಾರೆ. ಹುಟ್ಟು ನೋಡಿ ಬಾಗಿಲು ಹಾಕುವವರು ಎಲ್ಲ ಕಡೆಯೂ ಇದ್ದಾರೆ.

(ಬೆಂಗಳೂರಿನ ಕಾರು ಪಾಲಿಶ್ ಅಂಗಡಿಗಳ ಮುಂದೆ ಈಗ 'ಗ್ರಾಫೀನ್ ಕೋಟಿಂಗ್' ಎಂಬ ಬೋರ್ಡು ನೇತಾಡುತ್ತಿದೆ. ಡಬ್ಬಿಯಲ್ಲಿ ಎಷ್ಟು ಗ್ರಾಫೀನ್ ಇದೆ ಎಂದು ಒಮ್ಮೆ ಕೇಳಿ, ಅವರ ಮುಖ ನೋಡಿ.)

ಈ ಗ್ರಾಫೀನಿಗೂ ಹಾಸಿನ ಚಿಂತೆ ತಪ್ಪಿದ್ದಲ್ಲ. ಮೊದಮೊದಲು ಅದನ್ನು ಸಿಲಿಕಾನ್ ಆಕ್ಸೈಡಿನ ಮೇಲೆ ಹಾಸುತ್ತಿದ್ದರು. ನಮ್ಮ ಕಣ್ಣಿಗೆ ನುಣುಪು, ಎಲೆಕ್ಟ್ರಾನಿನ ಪಾಲಿಗೆ ಮಾತ್ರ ಹಳ್ಳದಿಣ್ಣೆಯ ರಸ್ತೆ. 2010ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಬೋರಾನ್ ನೈಟ್ರೈಡ್ ಎಂಬ ಇನ್ನೊಂದು ಪದರ ವಸ್ತುವಿನ ಮೇಲೆ ಅದನ್ನು ಹಾಸಿದರು. ಎಲೆಕ್ಟ್ರಾನುಗಳ ಓಟ ಸುಮಾರು ಹತ್ತು ಪಟ್ಟು ಸಲೀಸಾಯಿತು. ಅದೇ ಗ್ರಾಫೀನ್, ಅದೇ ಎಲೆಕ್ಟ್ರಾನ್, ಬದಲಾದದ್ದು ನೆರೆಹೊರೆ. ಆ ಬೋರಾನ್ ನೈಟ್ರೈಡಿನ ಒಳ್ಳೆಯ ಹರಳುಗಳನ್ನು ಜಪಾನಿನ ತ್ಸುಕುಬಾದಲ್ಲಿ ತನಿಗುಚಿ ಮತ್ತು ವತನಬೆ ಎಂಬ ಇಬ್ಬರು ಬೆಳೆದು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಹಂಚುತ್ತಾ ಬಂದಿದ್ದಾರೆ. ನೊಬೆಲ್ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಇರಬೇಕಿತ್ತು ಎಂಬುದು ನನ್ನ ಮಾತು.

ಇನ್ನು ನನಗೆ ತುಂಬಾ ಹಿಡಿಸಿದ ಭಾಗ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ಸ್ವಲ್ಪ ತಿರುಗಿಸಿ ನೋಡಿ. ಎರಡರಲ್ಲೂ ಇಲ್ಲದ ದೊಡ್ಡ ದೊಡ್ಡ ಅಲೆಗಳ ಚಿತ್ತಾರ ಮೂಡುತ್ತದೆ. ಗ್ರಾಫೀನಿನ ಎರಡು ಪದರಗಳನ್ನು ಹೀಗೆ ಸುಮಾರು 1.1 ಡಿಗ್ರಿ ತಿರುಗಿಸಿದರೆ ಎಲೆಕ್ಟ್ರಾನುಗಳು ವಿಚಿತ್ರವಾಗಿ ನಿಧಾನವಾಗುತ್ತವೆ ಎಂದು 2011ರಲ್ಲಿ ಟೆಕ್ಸಾಸಿನ ಬಿಸ್ಟ್ರಿಟ್ಸರ್ ಮತ್ತು ಮ್ಯಾಕ್‌ಡೊನಾಲ್ಡ್ ಲೆಕ್ಕ ಹಾಕಿದ್ದರು. 2018ರಲ್ಲಿ ಎಂಐಟಿಯ ಪಾಬ್ಲೊ ಜರಿಯೊ-ಹೆರೆರೊ ತಂಡ ಅದನ್ನು ಮಾಡಿಯೇ ತೋರಿಸಿತು. ಕೈಯಾರೆ ಮಾಡಿದವರಲ್ಲಿ ಮುಖ್ಯನಾದ ಯುವಾನ್ ತ್ಸಾವೊ ಎಂಬ ವಿದ್ಯಾರ್ಥಿಗೆ ಆಗ 21 ವರ್ಷ. ನಿಮ್ಮದೇ ವಯಸ್ಸು!

ಅವರು ಮಾಡಿದ ರೀತಿ ಕೇಳಿ. ಗ್ರಾಫೀನಿನ ಒಂದೇ ಹಾಳೆಯನ್ನು ಎರಡು ಭಾಗವಾಗಿ ಹರಿದರು. ಒಂದನ್ನು ಇನ್ನೊಂದರ ಮೇಲೆ ಒಂದು ಡಿಗ್ರಿಗಿಂತ ತುಸು ಹೆಚ್ಚು ತಿರುಗಿಸಿ ಇಟ್ಟರು. ಎರಡೂ ಒಂದೇ ತಾಯಿಯ ಮಕ್ಕಳು, ಒಂದು ಪರಮಾಣು ಹೆಚ್ಚಿಲ್ಲ, ಕಡಿಮೆಯಿಲ್ಲ, ಬೇರೆ ಏನನ್ನೂ ಬೆರೆಸಿಲ್ಲ. ಆದರೆ ವೋಲ್ಟೇಜನ್ನು ಸ್ವಲ್ಪ ಆಚೀಚೆ ಮಾಡಿದಾಗ ಒಮ್ಮೆ ಅದು ವಿದ್ಯುತ್ತನ್ನು ಬಿಡದ ತಡೆಗೋಡೆ, ಇನ್ನೊಮ್ಮೆ ಒಂದಿಷ್ಟೂ ತಡೆಯಿಲ್ಲದೆ ಹರಿಯಬಿಡುವ ಅತಿವಾಹಕ. ಇದು ನಡೆಯುವುದು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನಷ್ಟು ಕೊರೆಯುವ ಚಳಿಯಲ್ಲಿ. ಹಾಗಾಗಿ ನಾಳೆಯೇ ನಿಮ್ಮ ಮನೆಯ ಕರೆಂಟ್ ಬಿಲ್ಲು ಇಳಿಯುತ್ತದೆ ಎಂದು ನಾನು ಬೊಗಳೆ ಬಿಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇಂಗಾಲದ 'ಹುಟ್ಟುಗುಣ' ಯಾವುದು ಹೇಳಿ ನೋಡೋಣ? ಕಪ್ಪು ಪೆನ್ಸಿಲ್ಲೋ, ವಜ್ರವೋ, ತಡೆಗೋಡೆಯೋ, ಅತಿವಾಹಕವೋ?

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಾನೂ ಬೆರಳಚ್ಚಿನ ಅಂಗಡಿಯವರ ಸಾಲಿಗೇ ಸೇರಿಬಿಡುತ್ತೇನೆ. ಜೀವಕೋಶದಿಂದ ಮನುಷ್ಯನಿಗೆ, ಇಂಗಾಲದಿಂದ ಸಮಾಜಕ್ಕೆ ನೇರ ಬಸ್ಸಿಲ್ಲ. ಜೆಲ್ಲಿನ ಮೇಲೆ ಕೋಶ ಹೀಗೆ ಮಾಡಿತು, ಆದ್ದರಿಂದ ನಮ್ಮ ಹುಡುಗರು ಹೀಗೆ ಎಂದು ವಾದಿಸಿದರೆ ಅದು ವಿಜ್ಞಾನವಲ್ಲ. ವಂಶವಾಹಿ ಲೆಕ್ಕಕ್ಕಿಲ್ಲ ಎಂದೂ ನಾನು ಹೇಳುತ್ತಿಲ್ಲ. ಎಷ್ಟು ಮೆತ್ತನೆಯ ಹಾಸು ಕೊಟ್ಟರೂ ಮಜ್ಜೆಯ ಕೋಶ ಮಾವಿನ ಗಿಡವಾಗುವುದಿಲ್ಲ. ಆದರೆ ನಮಗೆ ಹುಟ್ಟಿನ ಪಾಠ ಹೇಳುವವರು ವಿಜ್ಞಾನದ ಹೆಸರನ್ನೇ ಎತ್ತುತ್ತಿದ್ದಾರಲ್ಲ! ಒಂದೇ ಒಂದು ಕೋಶದ ಮುಂದಿನ ದಾರಿಯನ್ನೂ ಬರೀ ಅದರ ಹುಟ್ಟು ನೋಡಿ ಹೇಳಲಾಗದು. ಹಾಗಿರುವಾಗ ಕೋಟಿ ಕೋಟಿ ಕೋಶಗಳ ಒಂದು ಮಗುವಿನ ಭವಿಷ್ಯವನ್ನು ಬೆರಳಿನ ಗೆರೆ ನೋಡಿ, ಅಪ್ಪನ ಕಸುಬು ನೋಡಿ, ಓದಿದ ಶಾಲೆಯ ಭಾಷೆ ನೋಡಿ ಹೇಳುವ ಧೈರ್ಯ ಇವರಿಗೆ ಎಲ್ಲಿಂದ ಬಂತು? ಮುಂದಿನ ಸಲ ಯಾರಾದರೂ 'ಅದೆಲ್ಲ ಡಿಎನ್‌ಎನಲ್ಲೇ ಇರುತ್ತೆ' ಎಂದರೆ 2006ರ ಆ ಜೆಲ್ಲಿನ ಕತೆ ಹೇಳಿ, ಉತ್ತರ ಕೇಳಿ.

ಆ ಪ್ರಯೋಗದಲ್ಲಿ ಇನ್ನೊಂದು ಅಂಶವಿತ್ತು, ಅದನ್ನು ಮರೆಯುವಂತಿಲ್ಲ. ಮೊದಲ ಒಂದು ವಾರದವರೆಗೆ ಕೋಶದ ದಾರಿಯನ್ನು ಔಷಧ ಹಾಕಿ ತಿರುಗಿಸಬಹುದಿತ್ತು. ಕೆಲವು ವಾರ ಅದೇ ಹಾಸಿನ ಮೇಲೆ ಕಳೆದ ಮೇಲೆ ಅದು ಸುಲಭಕ್ಕೆ ತಿರುಗುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು ಹೋದ ನನ್ನ ಗೆಳೆಯರು ನೆನಪಾಗುವುದು ಇಲ್ಲೇ. ನೇರ ಬಸ್ಸಿಲ್ಲ ಎಂದು ಈಗತಾನೇ ಹೇಳಿದವನು ನಾನೇ, ಗೊತ್ತು. ಆದರೂ ನೆನಪಾಗುತ್ತಾರೆ.

ಇದೆಲ್ಲ ಫಿಲಡೆಲ್ಫಿಯಾ, ಮ್ಯಾಂಚೆಸ್ಟರ್‌ಗಳ ಮಾತು, ನಮಗೇನು ಎನ್ನಬೇಡಿ. 2025ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರಿಂದಮ್ ಘೋಷ್ ಅವರ ತಂಡ, ಅದೇ ಜಪಾನಿನವರ ಸಹಕಾರದಿಂದ, ತೀರಾ ಶುದ್ಧವಾದ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ನೀರಿನಂತೆ ಒಟ್ಟಾಗಿ ಹರಿಯುವುದನ್ನು ಅಳೆಯಿತು. ಲೋಹಗಳಲ್ಲಿ ಶಾಖ ಹರಿಯುವುದೂ ವಿದ್ಯುತ್ ಹರಿಯುವುದೂ ಜೊತೆಜೊತೆಗೇ ಹೆಚ್ಚುತ್ತವೆ ಎಂಬುದು 1853ರಿಂದ ಪುಸ್ತಕದಲ್ಲಿರುವ ನಿಯಮ. ಈ ಗ್ರಾಫೀನ್ ಆ ನಿಯಮದಿಂದ 200 ಪಟ್ಟಿಗಿಂತ ಹೆಚ್ಚು ದೂರ ಸರಿದಿತ್ತು! ಮೈಸೂರು ಸಂಸ್ಥಾನ ಕೊಟ್ಟ ಸುಮಾರು 370 ಎಕರೆ ನೆಲದ ಮೇಲೆ ನಿಂತ ಸಂಸ್ಥೆ ಅದು. ನೀವು ದಿನಾ ಅದರ ಕಾಂಪೌಂಡಿನ ಪಕ್ಕ ಟ್ರಾಫಿಕ್ಕಿನಲ್ಲಿ ನಿಂತು ಹಾರ್ನ್ ಹೊಡೆಯುತ್ತೀರಿ.

ಅಲ್ಲಿ 'ಓಪನ್ ಡೇ' ಎಂಬ ದಿನ ಗೇಟು ಎಲ್ಲರಿಗೂ ತೆರೆದಿರುತ್ತದೆ. ತಮ್ಮಂದಿರನ್ನು, ತಂಗಿಯರನ್ನು ಕರೆದುಕೊಂಡು ಹೋಗಿ. ಪದರ ಹೇಗೆ ಬಿಡಿಸುತ್ತೀರಿ, ಕೋಶ ಹೇಗೆ ಎಳೆಯುತ್ತದೆ ಎಂದು ಕನ್ನಡದಲ್ಲೇ ಕೇಳಿ, ನಾಚಿಕೆ ಬೇಡ. ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ದಾರಿ ಗೊತ್ತಿಲ್ಲದಿದ್ದರೆ ಹಳಬ ಕಂಡಕ್ಟರ್ ಯಾರಿಗಾದರೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನಿ, ಸರಿಯಾದ ಸ್ಟಾಪಿನಲ್ಲಿ ಇಳಿಸುತ್ತಾರೆ.