ವಾಚನಾ ವಾರ ಮಕ್ಕಳು ಬಲ್ಲ ನುಡಿಯಲ್ಲಿ ನಡೆಯಲಿ

ಗ್ರಂಥಾಲಯ ಚಳವಳಿಯ ಹರಿಕಾರ ಪಿ.ಎನ್. ಪಣಿಕ್ಕರ್ ಅವರು ನಿಧನರಾದ ಜೂನ್ 19ನ್ನು ಕೇರಳದ ಶಾಲೆಗಳು ವಾಚನಾ ದಿನವಾಗಿ ಆಚರಿಸುತ್ತವೆ. ಅಲ್ಲಿಂದಲೇ ವಾಚನಾ ವಾರ. ಉದ್ದೇಶ ಸ್ತುತ್ಯವಾದುದು. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯಲ್ಲಿ ಓದಿನ ಟಿಪ್ಪಣಿ, ರಸಪ್ರಶ್ನೆಗಳನ್ನು ಮಲಯಾಳದಲ್ಲೇ ಕಡ್ಡಾಯಗೊಳಿಸಿದರೆ ಆಗುವುದೇನು? ಮಗು ಪುಸ್ತಕ ಓದುವುದಿಲ್ಲ. ಕರಿಹಲಗೆಯನ್ನು ನಕಲು ಮಾಡುತ್ತದೆ. ಕಡತ ತುಂಬುತ್ತದೆ, ಓದು ಬೆಳೆಯುವುದಿಲ್ಲ.

ಇದು ಮಲಯಾಳದ ಮೇಲಿನ ಮುನಿಸಲ್ಲ. ರಾಜ್ಯಭಾಷೆಯನ್ನು ಕಲಿಯುವುದು ನಮ್ಮ ಮಕ್ಕಳಿಗೆ ಹಿತವೇ. ಆದರೆ ಭಾಷೆ ಕಲಿಸುವುದು ಬೇರೆ, ಓದಿನ ರುಚಿ ಹತ್ತಿಸುವುದು ಬೇರೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗುವಿಗೂ ಈ ಶಾಲೆಗಳಲ್ಲಿ ಮೊದಲು ಒಲಿದ ಅಕ್ಷರ ಕನ್ನಡದ್ದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂಬ ಸಂವಿಧಾನದ 350ಎ ವಿಧಿಯ ಆಶಯವೂ ಇದಕ್ಕೆ ಅನುಕೂಲವಾಗಿಯೇ ಇದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿಯೂ ವಿದ್ಯಾಧಿಕಾರಿಗಳಲ್ಲಿಯೂ ವಿನಂತಿ ಇಷ್ಟೆ: ಚಟುವಟಿಕೆ ಕಡ್ಡಾಯವಾಗಿಯೇ ಇರಲಿ, ಭಾಷೆಯ ಆಯ್ಕೆ ಮಗುವಿಗಿರಲಿ. ಪ್ರಶ್ನಾವಳಿ ಕನ್ನಡದಲ್ಲಿಯೂ ಬರಲಿ. ಮಂಜೇಶ್ವರದ ಗೋವಿಂದ ಪೈ, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈ ಅವರ ಕೃತಿಗಳು ಕಪಾಟಿನಿಂದ ಮಕ್ಕಳ ಕೈಗೆ ಇಳಿಯಲಿ. ಪಣಿಕ್ಕರ್ ಅವರಿಗೆ ಅದಕ್ಕಿಂತ ಮಿಗಿಲಾದ ಗೌರವವಿಲ್ಲ.