“ನಿಮ್ದು ಯಾವ ಜನ?”

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಕೇಳುತ್ತ ಹೋದಾಗ ನಮ್ಮೂರು ಕವಲೇದುರ್ಗ ಎಂದರೆ ಜನರ ಮುಖ ಅರಳುತ್ತದೆ. ಮಳೆಯಲ್ಲಿ ಕೋಟೆ ಹತ್ತಿದ್ದು, ಶಿಖರೇಶ್ವರ ಗುಡಿ, ಕೆಳದಿ ಅರಸರ ಅರಮನೆಯ ತಳಪಾಯ ಎಲ್ಲ ನೆನಪಿಸಿಕೊಳ್ಳುತ್ತಾರೆ. ನರ್ಸ್ ಕೆಲಸ ಎಂದರೆ ಇನ್ನೂ ಸಂತೋಷ. ಆಮೇಲೆ, “ನಿಮ್ದು ಯಾವ ಜನ?”

ಎಸ್ಸಿ ಎನ್ನುತ್ತೇನೆ. ಸಂಜೆ ಫೋನ್ ಬರುತ್ತದೆ: “ನಮ್ಮ ತಮ್ಮನ ಮಗ ಬರ್ತಾನಂತೆ ಕಣಮ್ಮ, ಮನೆ ಕೊಡಕ್ಕಾಗಲ್ಲ.” ವಾರ ಕಳೆದರೂ ಆ ಗೇಟಿನ ‘ಮನೆ ಬಾಡಿಗೆಗಿದೆ’ ಬೋರ್ಡು ಇಳಿಯಲಿಲ್ಲ.

ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳತಿ ಜಾತಿ ಮುಚ್ಚಿಟ್ಟು ಮನೆ ಹಿಡಿದಿದ್ದಾಳೆ. ಅವಳ ಅಮ್ಮ ಮಗಳನ್ನು ನೋಡಲು ಹೊರಟಾಗಲೆಲ್ಲ, “ಬೇಡಮ್ಮ, ನಾನೇ ಊರಿಗೆ ಬರ್ತೀನಿ” ಎಂದು ತಡೆಯುತ್ತಾಳೆ. ಓನರಮ್ಮನ ಜೊತೆ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಅಮ್ಮ ನೆಂಟರ ಹೆಸರು ಹೇಳಿಬಿಟ್ಟರೆ? ಕೂಲಿ ಮಾಡಿ ಓದಿಸಿದ ತಾಯಿಗೆ ಮಗಳ ಮನೆಯ ಹೊಸಿಲು ದಾಟುವ ಭಾಗ್ಯವಿಲ್ಲ. ನನಗೆ ಮನೆ ಸಿಗದ್ದಕ್ಕಿಂತ ಹೆಚ್ಚು ಸಂಕಟ ಇದು.

ಕಾನೂನು ಇಲ್ಲವೆಂದಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಹಿಡಿದು ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನ ಪ್ರಕಾರ ಅಪರಾಧ. ಆದರೆ ತಮ್ಮನ ಮಗನ ಕಥೆ ಸುಳ್ಳೆಂದು ಠಾಣೆಯಲ್ಲಿ ಹೇಗೆ ತೋರಿಸುವುದು?

ದಾರಿ ಇದೆ. ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊ ಹುಡುಗ ಹುಡುಗಿಯರಿಗೂ ಹೆಸರು, ಉಚ್ಚಾರಣೆ ಕೇಳಿದೊಡನೆ ಮನೆ ಇಲ್ಲವೆನ್ನುವುದುಂಟು. ಅಲ್ಲಿ ಇಂಥ ತಾರತಮ್ಯ ತಡೆಯುವ 1968ರ ವಸತಿ ಕಾಯ್ದೆಯ ಜಾರಿಗೆ ಪರೀಕ್ಷಕರನ್ನು ಕಳಿಸುತ್ತಾರೆ. ಒಂದೇ ಬಗೆಯ ಕೆಲಸ, ಸಂಬಳ ಹೇಳಿಕೊಂಡು ಬೇರೆ ಬೇರೆ ಜನಾಂಗದ ಇಬ್ಬರು ಪ್ರತ್ಯೇಕವಾಗಿ ಹೋಗಿ ಅದೇ ಮನೆ ಕೇಳುತ್ತಾರೆ. ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ ಎಂದರೆ ಅದೇ ಸಾಕ್ಷಿ. ಸುಳ್ಳು ಹೇಳಿಸಿಕೊಂಡ ಪರೀಕ್ಷಕರೇ ದಾವೆ ಹೂಡಬಹುದೆಂದು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲೂ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಇಂಥದೇ ಪರೀಕ್ಷೆ ನಡೆಸಿ 2015ರಲ್ಲಿ ಪ್ರಕಟಿಸಿದರು. ದಲಿತರು, ಮುಸ್ಲಿಮರು ಫೋನಿನಲ್ಲೂ ಎದುರಿನಲ್ಲೂ ಮನೆ ಕಳೆದುಕೊಂಡದ್ದು ಅದರಲ್ಲಿ ದಾಖಲಾಗಿದೆ.

ಶಿವಮೊಗ್ಗದಲ್ಲಿ ಸಮಾಜ ಕಲ್ಯಾಣ ಇಲಾಖೆ ಇದನ್ನು ಮಾಡಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ಸೇರಬೇಕಾದ, ದಲಿತರ ಮೇಲಿನ ದೌರ್ಜನ್ಯ ತಡೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯ ಮುಂದೆ ಫಲಿತಾಂಶ ಇಡಲಿ. ಆಸ್ಪತ್ರೆಯ ನಮ್ಮ ವಾರ್ಡಿನಲ್ಲೇ ಕೆಲಸ ಮಾಡುವ, ಬೇರೆ ಜಾತಿಯ ಗೆಳತಿಯೊಬ್ಬಳನ್ನು ಕೇಳಿದ್ದೇನೆ. ನನ್ನ ಜೊತೆ ಪರೀಕ್ಷಕಳಾಗಿ ಬರಲು ಅವಳು ಒಪ್ಪಿದ್ದಾಳೆ.